ಏಕಮುಖಿ ಮೈಕ್ ಹಾಕಿದರೂ ಫ್ಯಾನಿನ ಸದ್ದು ಹೋಗುತ್ತಿಲ್ಲ: ದೋಷ ಕ್ಯಾಪ್ಸೂಲಿನದೇ, ಪೆಟ್ಟಿಗೆಯದೇ?

ಸ್ವರಪೆಟ್ಟಿಗೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಮ್ಮ ಮೂವತ್ತು ವರ್ಷಗಳಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿಸುತ್ತಿದ್ದಾರೆ. ಈಗ ಅವರ ಶಿಷ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆನ್‌ಲೈನಿನಲ್ಲೇ ಪಾಠ ಹೇಳಿಸಿಕೊಳ್ಳುತ್ತಾರೆ. ಚಿಕ್ಕಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತು, ಎದುರಿಗೆ ಎತ್ತರದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡುತ್ತಾರೆ. ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರುತ್ತದೆ, ಒಳಗೆ ಮಿಕ್ಸಿ ಓಡುತ್ತಿರುತ್ತದೆ. ಅವರು ಒಂದು ಗಮಕವನ್ನು ಮೂರು ಸಲ ಹಾಡಿ ತೋರಿಸಿದರೂ, "ಕೇಳಿಸಲಿಲ್ಲ ಮೇಡಂ" ಎಂಬ ಉತ್ತರವೇ ಆ ಕಡೆಯಿಂದ ಬರುತ್ತದೆ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಮನೆಪಾಠ ಹೇಳುವವರಿಗಾಗಿ ಒಂದು ಚಿಕ್ಕ ಯುಎಸ್‌ಬಿ ಮೈಕ್ ತಯಾರಿಸಿ, ಮೊದಲ ಕಂತಿನಲ್ಲಿ ನಲವತ್ತು ಮಾರಬೇಕೆಂದು ನಾನೂ ಗೆಳೆಯನೂ ಯೋಚಿಸಿದ್ದೇವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ 9.7 ಮಿಲಿಮೀಟರ್ ವ್ಯಾಸದ ಏಕಮುಖಿ ಎಲೆಕ್ಟ್ರೆಟ್ ಕ್ಯಾಪ್ಸೂಲ್‌ಗಳನ್ನು, ಅಂದರೆ ಧ್ವನಿಯನ್ನು ವಿದ್ಯುತ್ ಸಂಕೇತವಾಗಿಸುವ ಗುಂಡಿಯಂಥ ಬಿಡಿಭಾಗಗಳನ್ನು, ತಂದು, ಯುಎಸ್‌ಬಿ ಆಡಿಯೊ ಬೋರ್ಡಿಗೆ ಜೋಡಿಸಿ, ತ್ರೀಡಿ ಪ್ರಿಂಟ್ ಮಾಡಿದ ಪೆಟ್ಟಿಗೆಯಲ್ಲಿ ಕೂರಿಸಿದೆವು. ಹಾಡುವವರ ಕಡೆಯಿಂದ ಬರುವ ಧ್ವನಿಯನ್ನು ಹಿಡಿದು ಉಳಿದ ದಿಕ್ಕುಗಳದನ್ನು ತಗ್ಗಿಸುವುದೇ ಏಕಮುಖಿ ಕ್ಯಾಪ್ಸೂಲಿನ ಕೆಲಸವಲ್ಲವೇ? ನಮ್ಮ ಪೆಟ್ಟಿಗೆಯಲ್ಲಿ ಮುಂದೆ ನಿಂತು ಮಾತನಾಡಿದರೂ ಹಿಂದೆ ನಿಂತು ಮಾತನಾಡಿದರೂ ಒಂದೇ ಮಟ್ಟ ಬರುತ್ತಿದೆ, ಫ್ಯಾನಿನ ಸದ್ದಂತೂ ಲ್ಯಾಪ್‌ಟಾಪಿನ ಮೈಕಿನಲ್ಲಿ ಇದ್ದಷ್ಟೇ ಇದೆ. ಕ್ಯಾಪ್ಸೂಲ್ ನಕಲಿಯಿರಬಹುದೇ? ಇಲ್ಲವೇ ಇದನ್ನು ಬಿಟ್ಟು ಎರಡು ಮೂರು ಮೈಕ್‌ಗಳಿರುವ ಸಿದ್ಧ ಮಾಡ್ಯೂಲಿಗೆ ಹೋಗುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ಹೇಳಬೇಕು.

ಪೀಣ್ಯ_ಕೆಪಾಸಿಟರ್, ಬೆಂಗಳೂರು

ನಕಲಿ ಎಂದು ತೀರ್ಮಾನಿಸುವ ಮೊದಲು ಎರಡು ಸಂಗತಿ ತಿಳಿಸಿ. ಕ್ಯಾಪ್ಸೂಲಿನ ಬೆನ್ನಿನಲ್ಲಿ, ಅಂದರೆ ಬೆಸುಗೆಯ ಎರಡು ತುದಿಗಳಿರುವ ಕಡೆ, ಸಣ್ಣ ತೂತುಗಳಿವೆಯೇ? ಪೆಟ್ಟಿಗೆಯೊಳಗೆ ಆ ಬೆನ್ನು ಯಾವುದಕ್ಕೆ ತಾಗಿಕೊಂಡಿದೆ?

ಸ್ವರಪೆಟ್ಟಿಗೆ, ಮೈಸೂರು

ತೂತುಗಳಿವೆ ಸರ್. ಸುತ್ತಲೂ ಸೂಜಿಮೊನೆಯಷ್ಟು ಚಿಕ್ಕವು, ಒಳಗೆ ಕಪ್ಪು ಬಟ್ಟೆಯಂಥದ್ದು ಕಾಣಿಸುತ್ತದೆ. ಕ್ಯಾಪ್ಸೂಲ್ ಸಡಿಲವಾಗಿ ಕಿತ್ತು ಬರಬಾರದೆಂದು ಅದನ್ನು ಬಟ್ಟಲಿನಂಥ ಗುಳಿಯಲ್ಲಿ ಕೂರಿಸಿ, ಹಿಂದಿನಿಂದ ಹಾಟ್ ಗ್ಲೂ ತುಂಬಿದ್ದೇವೆ. ಮುಂಭಾಗ ಮಾತ್ರ ಪೆಟ್ಟಿಗೆಯ ಜಾಲರಿಗೆ ತೆರೆದುಕೊಂಡಿದೆ.

ಪೀಣ್ಯ_ಕೆಪಾಸಿಟರ್, ಬೆಂಗಳೂರು

ಹಾಗಾದರೆ ಕ್ಯಾಪ್ಸೂಲ್ ಅಸಲಿಯೇ. ಅದರ ದಿಕ್ಕಿನ ಗುಣವನ್ನು ನಿಮ್ಮ ಗ್ಲೂ ಮುಚ್ಚಿಹಾಕಿದೆ. ನಾನು ಈ ಕ್ಷೇತ್ರದಲ್ಲಿ ಹದಿನೆಂಟು ವರ್ಷ ದುಡಿದಿದ್ದೇನೆ. ಇಂಟರ್‌ಕಾಮ್, ಕಾರಿನ ಹ್ಯಾಂಡ್ಸ್‌ಫ್ರೀ ಕಿಟ್, ಸಭೆಯ ಮೇಜಿನ ಮೈಕ್ ಎಲ್ಲದರಲ್ಲೂ ಇದೇ ತಪ್ಪನ್ನು ಕಂಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲ ದಿಕ್ಕಿನ ಧ್ವನಿಯನ್ನೂ ಸಮವಾಗಿ ಹಿಡಿಯುವ ಸಾಮಾನ್ಯ ಮೈಕಿನಲ್ಲಿ, ಧ್ವನಿಗೆ ಅದುರುವ ಪೊರೆಯ ಒಂದು ಬದಿ ಮಾತ್ರ ಹೊರಗಾಳಿಗೆ ತೆರೆದಿದ್ದು, ಇನ್ನೊಂದು ಬದಿಯಲ್ಲಿ ಮುಚ್ಚಿದ ಕೋಣೆಯಿರುತ್ತದೆ. ಒತ್ತಡಕ್ಕೆ ದಿಕ್ಕೆಂಬುದು ಇಲ್ಲವಾದ್ದರಿಂದ ಅಂಥ ಮೈಕಿಗೂ ದಿಕ್ಕು ಗೊತ್ತಾಗುವುದಿಲ್ಲ. ಏಕಮುಖಿ ಕ್ಯಾಪ್ಸೂಲಿನಲ್ಲಿ ಪೊರೆಯ ಹಿಂಬದಿಗೂ ಗಾಳಿಯ ದಾರಿಯಿದೆ, ಆ ದಾರಿಯಲ್ಲಿ ನೀವು ಕಂಡ ಕಪ್ಪು ಬಟ್ಟೆ ಅಡ್ಡವಾಗಿದೆ. ಬಟ್ಟೆಯ ತಡೆಯೂ ಒಳಗಿನ ಪುಟ್ಟ ಕೋಣೆಯೂ ಸೇರಿ ಹಿಂದಿನಿಂದ ಒಳಬರುವ ಧ್ವನಿಯನ್ನು ಕೊಂಚ ತಡಮಾಡುತ್ತವೆ. ಹಿಂದಿನಿಂದ ಬಂದ ಧ್ವನಿ ಮೊದಲು ಬೆನ್ನಿನ ತೂತನ್ನು ತಲುಪುತ್ತದೆ, ಆದರೆ ಬಟ್ಟೆಯಲ್ಲಿ ತಡವಾಗುತ್ತದೆ. ಅಷ್ಟರಲ್ಲಿ ಅದೇ ಧ್ವನಿ ಕ್ಯಾಪ್ಸೂಲನ್ನು ಬಳಸಿಕೊಂಡು ಮುಂದಿನ ಬದಿಯನ್ನೂ ಮುಟ್ಟುತ್ತದೆ. ಎರಡು ಬದಿಯಿಂದಲೂ ಒಂದೇ ಕ್ಷಣದಲ್ಲಿ ಒಂದೇ ಒತ್ತಡ ಬಿದ್ದಾಗ ಪೊರೆ ಅಲುಗಾಡುವುದಿಲ್ಲ. ಮುಂದಿನಿಂದ ಬಂದ ಧ್ವನಿಗಾದರೆ ಬಳಸುದಾರಿಯ ತಡವೂ ಬಟ್ಟೆಯ ತಡವೂ ಒಟ್ಟುಗೂಡುತ್ತವೆ, ಹೀಗಾಗಿ ಎರಡು ಬದಿಯ ಒತ್ತಡ ಬೇರೆಬೇರೆಯಾಗಿ ಪೊರೆ ಚಲಿಸುತ್ತದೆ. ನಿಮ್ಮ ಕ್ಯಾಪ್ಸೂಲಿನ ಗಾತ್ರಕ್ಕೆ ಬಳಸುದಾರಿ ಸುಮಾರು 10 ಮಿಲಿಮೀಟರ್ ಎಂದು ಹಿಡಿದರೆ, ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್ ಇರುವುದರಿಂದ, ಈ ಇಡೀ ವ್ಯವಹಾರ ಸುಮಾರು 29 ಮೈಕ್ರೊಸೆಕೆಂಡಿನೊಳಗೆ ಮುಗಿಯುತ್ತದೆ. ಒಂದು ತುಂಡು ಬಟ್ಟೆ ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ವಿದ್ಯುತ್ತಿನ ಹಂಗಿಲ್ಲದೆ ಮಾಡುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಒಂದೇ ಪೊರೆಯಿಂದ ಹೃದಯದ ಆಕಾರದ ಈ ಹಿಡಿತವನ್ನು, ಅಂದರೆ ಕಾರ್ಡಿಯಾಯ್ಡ್ ವಿನ್ಯಾಸವನ್ನು, ಪಡೆಯುವ ದಾರಿ ತೋರಿಸಿದವರು ಅಮೆರಿಕದ ಶ್ಯೂರ್ ಕಂಪನಿಯ ಬೆಂಜಮಿನ್ ಬಾವರ್. ಅವರ ಯೂನಿಡೈನ್ 1939ರಲ್ಲಿ ಮಾರುಕಟ್ಟೆಗೆ ಬಂತು. ಬೆಲ್ ಲ್ಯಾಬ್ಸ್‌ನ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕಿನಿಂದಾಗಿ ಮುಂದೆ ಅದೇ ತತ್ತ್ವ ಗುಂಡಿಯಷ್ಟು ಚಿಕ್ಕ ಕ್ಯಾಪ್ಸೂಲಿನಲ್ಲಿ, ಅಗ್ಗದ ಬೆಲೆಗೆ ಸಿಗುವಂತಾಯಿತು. ನೀವು ಕೈಯಲ್ಲಿ ಹಿಡಿದಿರುವುದು ಈ ಎರಡರ ಸಂತಾನ. ಅದರ ಬೆನ್ನನ್ನು ಮುಚ್ಚಿದ ಕೂಡಲೇ ಅದು ಸಾಮಾನ್ಯ ಮೈಕ್ ಆಗಿಬಿಡುತ್ತದೆ.

ಗ್ಲೂ ತೆಗೆದು ಅದೇ ಕ್ಯಾಪ್ಸೂಲನ್ನು ಮತ್ತೆ ಬಳಸಬೇಡಿ. ಬಟ್ಟೆಗೆ ಅಂಟು ಇಳಿದಿದ್ದರೆ ಅದರ ತಡೆ ಬದಲಾಗಿರುತ್ತದೆ. ಹೊಸ ಕ್ಯಾಪ್ಸೂಲನ್ನು ಸುತ್ತಲೂ ಸೀಳುಗಳಿರುವ ಮೆತ್ತನೆಯ ರಬ್ಬರ್ ಉಂಗುರದಲ್ಲಿ ಅಂಚಿನಿಂದ ಮಾತ್ರ ಹಿಡಿಸಿ, ಮುಂದೆಯೂ ಹಿಂದೆಯೂ ಗಾಳಿ ಧಾರಾಳವಾಗಿ ಆಡುವ ಜಾಲರಿ ತಲೆಯೊಳಗೆ ತೂಗುಹಾಕಿ. ಬೆನ್ನಿನ ತೂತುಗಳು ಪೆಟ್ಟಿಗೆಯ ಒಳಗಿನ ಮುಚ್ಚಿದ ಜಾಗಕ್ಕೆ ತೆರೆದುಕೊಂಡರೆ ಸಾಲದು, ಅವಕ್ಕೆ ಹೊರಗಿನ ಗಾಳಿಯೇ ಬೇಕು. ಬೆಸುಗೆ ಹಾಕುವಾಗ ಪ್ರತಿ ತುದಿಗೂ ಎರಡು ಸೆಕೆಂಡಿಗಿಂತ ಹೆಚ್ಚು ಕಾಯಿಸಬೇಡಿ, ಶಾಖಕ್ಕೆ ಎಲೆಕ್ಟ್ರೆಟ್ ಪದರದ ವಿದ್ಯುದಂಶ ಸೋರಿಹೋಗುತ್ತದೆ.

ಬಿಟ್_ಬೈರಾಗಿ, ಹುಬ್ಬಳ್ಳಿ

ಪೀಣ್ಯದ ಹಿರಿಯರ ವಿವರಣೆ ಬಹಳ ಚೆನ್ನಾಗಿದೆ. ಆದರೂ ಇಂದಿನ ಕಾಲಕ್ಕೆ ಮೆಮ್ಸ್ ಮೈಕ್‌ಗಳೇ, ಅಂದರೆ ಸಿಲಿಕಾನ್ ಚಿಪ್ಪಿನಲ್ಲಿ ರೂಪಿಸಿದ ಪುಟ್ಟ ಮೈಕ್‌ಗಳೇ, ಸರಿ ಎಂಬುದು ನನ್ನ ಅಭಿಪ್ರಾಯ. ಐಎನ್‌ಎಂಪಿ 441 ಎಂಬ ಮೆಮ್ಸ್ ಮೈಕ್ ಹಾಕಿದ ಎರಡು ಚಿಕ್ಕ ಬೋರ್ಡುಗಳನ್ನು ಇಎಸ್‌ಪಿ 32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಜೋಡಿಸಿ, ಹಿಂದಿನ ಮೈಕಿನ ಸಂಕೇತವನ್ನು ತಡಮಾಡಿ ಮುಂದಿನದರಿಂದ ಕಳೆದರೆ ಅದೇ ಕಾರ್ಡಿಯಾಯ್ಡ್ ಸಿಗುತ್ತದೆ. ಬಟ್ಟೆ ಮಾಡುವ ಕೆಲಸವನ್ನು ಇಲ್ಲಿ ಪ್ರೋಗ್ರಾಮ್ ಮಾಡುತ್ತದೆ. 48 ಕಿಲೋಹರ್ಟ್ಸ್ ಮಾದರಿ ವೇಗದಲ್ಲಿ, ಅಂದರೆ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುವಾಗ, ಒಂದು ಮಾದರಿಯ ಅವಧಿಗೆ ಧ್ವನಿ 7.1 ಮಿಲಿಮೀಟರ್ ಸಾಗುತ್ತದೆ. ಆದ್ದರಿಂದ ಎರಡು ಮೈಕ್‌ಗಳನ್ನು 21.4 ಮಿಲಿಮೀಟರ್ ದೂರದಲ್ಲಿ ಒಂದರ ಹಿಂದೆ ಒಂದಾಗಿ ಇಟ್ಟರೆ ತಡ ನಿಖರವಾಗಿ ಮೂರು ಮಾದರಿಯಾಗುತ್ತದೆ, ಭಿನ್ನಾಂಶದ ಲೆಕ್ಕವೇ ಬೇಕಿಲ್ಲ. ಎರಡೂ ಮೈಕ್ ಒಂದೇ ಗಡಿಯಾರದ ತಂತಿಯ ಮೇಲೆ, ಒಂದು ಎಡ ಚಾನೆಲ್ಲಿನಲ್ಲಿ ಇನ್ನೊಂದು ಬಲ ಚಾನೆಲ್ಲಿನಲ್ಲಿ ಇರಬೇಕು. ಎರಡು ಬೇರೆ ಯುಎಸ್‌ಬಿ ಮೈಕ್‌ಗಳಿಂದ ಇದನ್ನು ಮಾಡಲಾಗದು, ಅವುಗಳ ಗಡಿಯಾರಗಳು ಒಂದಕ್ಕೊಂದು ಹೊಂದುವುದಿಲ್ಲ. 2014ರಲ್ಲಿ ಬಂದ, ಮಾತಿನ ಆಜ್ಞೆ ಕೇಳುವ ಅಮೆಜಾನ್ ಎಕೋ ಸ್ಪೀಕರಿನಲ್ಲಿ ಏಳು ಮೈಕ್‌ಗಳಿದ್ದವು. ಕೋಣೆಯ ಆ ತುದಿಯಿಂದ ಕರೆದರೂ ಅದು ಓಗೊಡುತ್ತಿದ್ದುದರ ಹಿಂದೆ ಇಂಥ ಲೆಕ್ಕವೇ ಇತ್ತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಐಎನ್‌ಎಂಪಿ 441 ಬಿಡಿಯಾಗಿ ಎಲ್ಲ ದಿಕ್ಕಿನ ಮೈಕೇ. ಕೆಲವು ಮಾರಾಟ ಪುಟಗಳಲ್ಲಿ ಅದರ ಹೆಸರಿನ ಪಕ್ಕ "ಡೈರೆಕ್ಷನಲ್ ಮಾಡ್ಯೂಲ್" ಎಂದು ಬರೆದಿರುತ್ತಾರೆ, ಅದನ್ನು ನಂಬಬೇಡಿ.

ಪೀಣ್ಯ_ಕೆಪಾಸಿಟರ್, ಬೆಂಗಳೂರು

ನಿಮ್ಮ ಲೆಕ್ಕ ಸರಿಯಾಗಿದೆ. ನನ್ನ ಆಕ್ಷೇಪ ಅದನ್ನು ಈ ಕೆಲಸಕ್ಕೆ ಬಳಸುವುದರ ಬಗ್ಗೆ. ಸ್ವರಪೆಟ್ಟಿಗೆಯವರೇ, ನಿಮ್ಮ ಚಿಕ್ಕಮ್ಮನವರ ಶ್ರುತಿ ಎಷ್ಟು?

ಸ್ವರಪೆಟ್ಟಿಗೆ, ಮೈಸೂರು

ಐದೂವರೆ ಶ್ರುತಿ ಸರ್.

ಪೀಣ್ಯ_ಕೆಪಾಸಿಟರ್, ಬೆಂಗಳೂರು

ಅಂದರೆ ಮಧ್ಯಸ್ಥಾಯಿ ಷಡ್ಜ ಸುಮಾರು 208 ಹರ್ಟ್ಸ್, ಮಂದ್ರ ಪಂಚಮ ಸುಮಾರು 156 ಹರ್ಟ್ಸ್. ಎರಡು ಮೈಕ್‌ಗಳ ವ್ಯತ್ಯಾಸ ತೆಗೆಯುವ ವಿಧಾನ ಎಡವುವುದು ಈ ಜಾಗದಲ್ಲೇ. ಕಂಪನಾಂಕ ಇಳಿದಂತೆ ಅಲೆಯ ಉದ್ದ ಹೆಚ್ಚುತ್ತದೆ. ಆಗ 21.4 ಮಿಲಿಮೀಟರ್ ದೂರದ ಎರಡು ಮೈಕ್‌ಗಳಿಗೂ ಬಹುತೇಕ ಒಂದೇ ಒತ್ತಡ ಕಾಣುತ್ತದೆ, ಕಳೆದಾಗ ಉಳಿಯುವುದು ಅಲ್ಪ. 200 ಹರ್ಟ್ಸ್‌ನಲ್ಲಿ ನೇರ ಎದುರಿನಿಂದ ಬಂದ ಸ್ವರವೇ ಒಂಟಿ ಮೈಕಿಗಿಂತ 16 ಡೆಸಿಬೆಲ್ ಕೆಳಗಿಳಿಯುತ್ತದೆ. ಅದನ್ನು ಸಮಗೊಳಿಸಲು 16 ಡೆಸಿಬೆಲ್ ಮೇಲೆತ್ತಿದರೆ ಮೈಕಿನ ಸ್ವಂತ ಮೊರೆತವೂ ಅಷ್ಟೇ ಮೇಲೇಳುತ್ತದೆ. ಎರಡು ಮೈಕ್‌ಗಳ ಮೊರೆತ ಕೂಡಿದ್ದರಿಂದ ಇನ್ನೊಂದು 3 ಡೆಸಿಬೆಲ್ ಸೇರುತ್ತದೆ. ಐಎನ್‌ಎಂಪಿ 441ರ ಸಂಕೇತ-ಮೊರೆತ ಅನುಪಾತವೇ, ಅಂದರೆ ಬೇಕಾದ ಧ್ವನಿಗೂ ಮೈಕಿನ ಸ್ವಂತ ಮೊರೆತಕ್ಕೂ ಇರುವ ಅಂತರವೇ, 61 ಡೆಸಿಬೆಲ್. ಹಾಡುಗಾರಿಕೆಗೆ ಇದು ಮೊದಲೇ ಉದಾರವಾದ ಅಂಕಿಯಲ್ಲ.

ಎರಡನೆಯ ತೊಡಕು ಜೋಡಿಯ ಹೊಂದಾಣಿಕೆ. ಮೆಮ್ಸ್ ಮೈಕ್‌ಗಳ ಸಂವೇದನೆಯಲ್ಲಿ ಬಿಡಿಯಿಂದ ಬಿಡಿಗೆ 1 ಡೆಸಿಬೆಲ್ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಒಂದು ಮೈಕ್ ಇನ್ನೊಂದಕ್ಕಿಂತ 1 ಡೆಸಿಬೆಲ್ ಮಂದವಾಗಿದ್ದರೆ, ಹಿಂದಿನಿಂದ ಬಂದ ಧ್ವನಿ ಪೂರ್ತಿ ಅಳಿಯದೆ ಸುಮಾರು ಶೇಕಡ 11ರಷ್ಟು ಉಳಿಯುತ್ತದೆ. 1000 ಹರ್ಟ್ಸ್‌ನಲ್ಲಿ ಇದರಿಂದ ಅಂಥ ನಷ್ಟವಿಲ್ಲ, ಮುಂದಕ್ಕೂ ಹಿಂದಕ್ಕೂ 17 ಡೆಸಿಬೆಲ್ ಅಂತರ ಇನ್ನೂ ಸಿಗುತ್ತದೆ. ಆದರೆ 200 ಹರ್ಟ್ಸ್‌ನಲ್ಲಿ ಎದುರಿನ ಸ್ವರವೇ ಶೇಕಡ 16ಕ್ಕೆ ಇಳಿದಿರುವಾಗ ಅಂತರ ಕೇವಲ 3 ಡೆಸಿಬೆಲ್. ಅಂದರೆ ಷಡ್ಜದ ಹತ್ತಿರ ನಿಮ್ಮ ಮೈಕಿಗೆ ದಿಕ್ಕೇ ಇಲ್ಲದಂತಾಯಿತು. ಪ್ರತಿ ಪೆಟ್ಟಿಗೆಯನ್ನೂ ಅಳೆದು ತಿದ್ದುಪಡಿ ಬರೆದರೆ ಇದು ಸುಧಾರಿಸುತ್ತದೆ, ಆದರೆ ನಲವತ್ತು ಪೆಟ್ಟಿಗೆಯ ಉದ್ಯಮಕ್ಕೆ ಅದು ದೊಡ್ಡ ಹೊರೆ. ಮೇಲಿನ ತುದಿಯಲ್ಲೂ ಈ ಅಂತರದ ಜೋಡಿ 8 ಕಿಲೋಹರ್ಟ್ಸ್ ಬಳಿ ಕಿವುಡಾಗುತ್ತದೆ, ಸಕಾರ ಶಕಾರಗಳ ಹೊಳಪು ಹೋಗುತ್ತದೆ.

ಮಾತಿನ ಆಜ್ಞೆ ಕೇಳುವ ಸಾಧನಕ್ಕೆ ಇವು ಯಾವುವೂ ದೋಷಗಳಲ್ಲ. ಅಲ್ಲಿ 16 ಕಿಲೋಹರ್ಟ್ಸ್ ಮಾದರಿ ವೇಗ ಸಾಕು, ಕೆಳಗಿನ ಸ್ವರಗಳು ಕಡಿಮೆಯಾದರೂ ಮಾತು ತಿಳಿಯುತ್ತದೆ. ಕೋಣೆಯಲ್ಲಿ ಯಾರು ಎಲ್ಲಿಂದ ಮಾತನಾಡುತ್ತಾರೋ ಗೊತ್ತಿಲ್ಲದಾಗ ಹಿಡಿತದ ದಿಕ್ಕನ್ನು ಆಗಿಂದಾಗ ತಿರುಗಿಸುವ ಅನುಕೂಲ ಬಹುಮೈಕ್ ಮಾಡ್ಯೂಲಿಗೆ ಮಾತ್ರ ಇದೆ. ಚಿಕ್ಕಮ್ಮನವರು ಕುಳಿತ ಜಾಗ ಬದಲಾಗುವುದಿಲ್ಲ, ಅವರ ಸ್ವರದ ಬಣ್ಣ ಮುಖ್ಯ. ಇಂಥಲ್ಲಿ ಒಂದೇ ಒಳ್ಳೆಯ ಕಾರ್ಡಿಯಾಯ್ಡ್ ಕ್ಯಾಪ್ಸೂಲ್ ಸಾಕು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಬಿಟ್_ಬೈರಾಗಿ, ಹುಬ್ಬಳ್ಳಿ

ಒಪ್ಪುತ್ತೇನೆ. ನಾನು ಈ ಜೋಡಣೆಯನ್ನು ಬಳಸಿದ್ದು ಕನ್ನಡದ ಆಜ್ಞೆ ಕೇಳಿ ಪಂಪ್‌ಸೆಟ್ಟಿನ ಸ್ವಿಚ್ ಹಾಕುವ ಒಂದು ಪ್ರಯೋಗಕ್ಕೆ. ಅಲ್ಲಿ ಮಂದ್ರ ಸ್ವರದ ಪ್ರಶ್ನೆಯೇ ಏಳಲಿಲ್ಲ. 200 ಹರ್ಟ್ಸ್‌ನ ಲೆಕ್ಕವನ್ನು ನಾನು ಮಾಡಿ ನೋಡಿರಲಿಲ್ಲ.

ಶ್ರವಣಬೆಳಕು, ಶಿವಮೊಗ್ಗ

ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಶ್ರವಣ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಮೇಲೆ ಚರ್ಚೆಯಾದ ಎರಡು ಮೈಕ್‌ಗಳ ಜೋಡಿ ಕಿವಿಯ ಹಿಂದೆ ಧರಿಸುವ ಶ್ರವಣ ಸಾಧನಗಳಲ್ಲಿ ಬಹಳ ಕಾಲದಿಂದ ಇದೆ. ಅಲ್ಲಿ ತೂತುಗಳ ನಡುವಿನ ದೂರ ಒಂದು ಸೆಂಟಿಮೀಟರಿನ ಆಸುಪಾಸು ಇರುವುದರಿಂದ ಕೆಳಗಿನ ಸ್ವರಗಳ ಕೊರತೆ ಇನ್ನೂ ಹೆಚ್ಚು. ಗದ್ದಲದಲ್ಲಿ ಎದುರಿನವರ ಮಾತು ಕೇಳಲು ಅದು ನಿಜಕ್ಕೂ ನೆರವಾಗುತ್ತದೆ. ಆದರೆ ಸಂಗೀತ ಕಚೇರಿಗೆ ಹೋಗುವ ಹಿರಿಯರಿಗೆ ನಾವು ಪ್ರತ್ಯೇಕ ಸಂಗೀತ ಪ್ರೋಗ್ರಾಮ್ ಹಾಕಿಕೊಡುವಾಗ ಸಾಮಾನ್ಯವಾಗಿ ದಿಕ್ಕಿನ ಹಿಡಿತವನ್ನು ಬಿಡಿಸಿ, ಎಲ್ಲ ದಿಕ್ಕಿನ ಸ್ಥಿತಿಗೇ ತರುತ್ತೇವೆ.

ಇನ್ನೊಂದು ಮಾತನ್ನು ನಾನು ನನ್ನ ಬಳಿ ಬರುವವರಿಗೆ ದಿನವೂ ಹೇಳುತ್ತೇನೆ. ದಿಕ್ಕಿನ ಮೈಕ್ ಎಷ್ಟೇ ಒಳ್ಳೆಯದಾದರೂ ದೂರವನ್ನು ಗೆಲ್ಲಲಾರದು. ಮಾತನಾಡುವವರಿಂದ ಒಂದು ಮಿತಿ ದಾಟಿ ದೂರ ಹೋದರೆ ನೇರ ಧ್ವನಿಗಿಂತ ಗೋಡೆಗೆ ಬಡಿದು ಬಂದ ಧ್ವನಿಯೇ ಹೆಚ್ಚಾಗುತ್ತದೆ, ಅದು ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ, ಸಿಮೆಂಟ್ ಗೋಡೆ ಮತ್ತು ಟೈಲ್ಸ್ ನೆಲದ, ಸದ್ದು ನಿಂತ ಮೇಲೂ ಸುಮಾರು ಒಂದು ಸೆಕೆಂಡ್ ಅನುರಣನವಿರುವ ಕೋಣೆಯಲ್ಲಿ ಸಾಮಾನ್ಯ ಮೈಕಿಗೆ ಆ ಮಿತಿ ಸುಮಾರು 32 ಸೆಂಟಿಮೀಟರ್, ಕಾರ್ಡಿಯಾಯ್ಡಿಗೆ ಅದರ 1.7 ಪಟ್ಟು, ಅಂದರೆ ಹೆಚ್ಚೆಂದರೆ 55 ಸೆಂಟಿಮೀಟರ್. ಒಂದು ಮೀಟರ್ ದೂರದ ಮಣೆಯ ಮೇಲಿಟ್ಟರೆ ಯಾವ ಮೈಕಾದರೂ ಹಾಡಿಗಿಂತ ಕೋಣೆಯನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ.

ಚೌಕಿಮನೆ, ಹೊನ್ನಾವರ

ನಾನು ಇಪ್ಪತ್ತು ವರ್ಷಗಳಿಂದ ಯಕ್ಷಗಾನ ತಾಳಮದ್ದಳೆಗಳ ಧ್ವನಿಮುದ್ರಣ ಮಾಡುತ್ತಿದ್ದೇನೆ. ಕ್ಯಾಪ್ಸೂಲಿನ ವಿದ್ಯೆ ನನ್ನದಲ್ಲ, ಆದರೆ ಮೈಕ್ ಎಲ್ಲಿ ಇಡಬೇಕು ಎಂಬುದರ ಬಗ್ಗೆ ಮಾತನಾಡಬಲ್ಲೆ.

ಫ್ಯಾನ್ ಎಲ್ಲಿದೆ ಎಂದು ಯೋಚಿಸಿ ನೋಡಿ. ಕಾರ್ಡಿಯಾಯ್ಡ್ ಮೈಕ್ ಪೂರ್ತಿ ಕಿವುಡಾಗುವುದು ನೇರ ಬೆನ್ನಿಗೆ ಮಾತ್ರ. ಪಕ್ಕದಿಂದ, ಅಂದರೆ 90 ಡಿಗ್ರಿಯಲ್ಲಿ ಬಂದ ಧ್ವನಿ 6 ಡೆಸಿಬೆಲ್ ಮಾತ್ರ ತಗ್ಗುತ್ತದೆ. ನಿಮ್ಮ ಮೈಕ್ ಮಣೆಯ ಮೇಲಿದ್ದು, ಹಾಡುವವರ ಬಾಯಿಯ ಕಡೆಗೆ 30 ಡಿಗ್ರಿಯಷ್ಟು ಮೇಲೆ ಮುಖ ಮಾಡಿದೆ ಎಂದುಕೊಳ್ಳೋಣ. ನೆತ್ತಿಯ ಮೇಲಿನ ಫ್ಯಾನ್ ಆಗ ಅದರ ಮುಖದಿಂದ 60 ಡಿಗ್ರಿಯಲ್ಲಿರುತ್ತದೆ, ತಗ್ಗುವುದು ಎರಡೂವರೆ ಡೆಸಿಬೆಲ್ ಅಷ್ಟೇ. ಅಷ್ಟು ವ್ಯತ್ಯಾಸ ಕಿವಿಗೆ ತಿಳಿಯುವುದೂ ಕಷ್ಟ. ಮೈಕ್ ಸರಿಯಾಗಿದ್ದರೂ ನೀವು ಅದನ್ನು ಫ್ಯಾನಿನ ಕಡೆಗೇ ತಿರುಗಿಸಿ ಇಟ್ಟಂತಾಯಿತು.

ಅದೇ ಮೈಕನ್ನು ಒಂದು ಬಾಗಿದ ಕೋಲಿಗೆ ಕಟ್ಟಿ, ಹಾಡುವವರ ಹಣೆಗಿಂತ ಕೊಂಚ ಮೇಲೆ ಎತ್ತಿ, ಅಲ್ಲಿಂದ ಬಾಯಿಯ ಕಡೆಗೆ 45 ಡಿಗ್ರಿ ಕೆಳಮುಖವಾಗಿ ನಿಲ್ಲಿಸಿ. ಈಗ ಫ್ಯಾನ್ ಇರುವುದು 135 ಡಿಗ್ರಿಯಲ್ಲಿ, ನೇರ ಸದ್ದು ಸುಮಾರು 17 ಡೆಸಿಬೆಲ್ ಇಳಿಯುತ್ತದೆ. ಸೂಪರ್ ಕಾರ್ಡಿಯಾಯ್ಡ್ ಕ್ಯಾಪ್ಸೂಲ್, ಅಂದರೆ ಹಿಡಿತ ಇನ್ನೂ ಕಿರಿದಾದದ್ದು, ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರ ಕಿವುಡು ದಿಕ್ಕು 126 ಡಿಗ್ರಿಯ ಹತ್ತಿರ ಇರುವುದರಿಂದ ಫ್ಯಾನ್ ಬಹುತೇಕ ಅಲ್ಲಿಗೇ ಬಂದು ಬೀಳುತ್ತದೆ. ಆದರೆ ಅದಕ್ಕೆ ನೇರ ಬೆನ್ನಿನಲ್ಲಿ ಒಂದು ಸಣ್ಣ ಕಿವಿ ಇರುತ್ತದೆ ಎಂಬುದನ್ನು ಮರೆಯಬಾರದು. ಶ್ರುತಿಪೆಟ್ಟಿಗೆಯನ್ನು ಮೈಕಿನ ಪಕ್ಕಕ್ಕೆ, 90 ಡಿಗ್ರಿಯ ಜಾಗದಲ್ಲಿಡಿ. ಶಿಷ್ಯರಿಗೆ ಶ್ರುತಿ ಕೇಳುವಷ್ಟು ಸಿಗುತ್ತದೆ, ಹಾಡನ್ನು ಮುಚ್ಚುವುದಿಲ್ಲ.

ಗಾಳಿಯ ವಿಷಯ ಬೇರೆ. ಎರಡೂ ಬದಿ ತೆರೆದ ಮೈಕ್ ಸಾಮಾನ್ಯ ಮೈಕಿಗಿಂತ ಗಾಳಿಯ ಹೊಡೆತಕ್ಕೆ ಬೇಗ ತತ್ತರಿಸುತ್ತದೆ. ಫ್ಯಾನಿನ ಗಾಳಿ ನೇರ ಬೀಳುವಲ್ಲಿ ಫೋಮಿನ ಟೋಪಿ ಕಡ್ಡಾಯ. ಪಕಾರ, ಭಕಾರಗಳ ಉಸಿರೂ ಅದೇ ಬಗೆಯ ಹೊಡೆತ. ಮೈಕ್ ಬಾಯಿಯ ನೇರಕ್ಕಿರದೆ ಮೇಲಿನಿಂದ ನೋಡುತ್ತಿದ್ದರೆ ಆ ಉಸಿರು ಕೆಳಗಿನಿಂದ ಹಾದುಹೋಗುತ್ತದೆ, ಇದೂ ಒಂದು ಲಾಭ. ಇನ್ನು ತೀರಾ ಹತ್ತಿರ, ಒಂದು ಗೇಣಿಗಿಂತ ಒಳಗೆ ಬಂದರೆ ಮಂದ್ರ ಸ್ವರಗಳು ಸಹಜಕ್ಕಿಂತ ದಪ್ಪವಾಗುತ್ತವೆ. ಭಾಗವತರು ಮೈಕನ್ನು ಬಾಯಿಗೆ ತಾಗಿಸಿ ಹಿಡಿದಾಗ ಆಗುವ ಗುಂಯ್‌ಗುಡುವಿಕೆ ಇದೇ. ಎರಡು ಗೇಣು ದೂರ ಇಟ್ಟುಕೊಂಡರೆ ಕಿವಿಗೆ ಹಿತವಾಗಿರುತ್ತದೆ.

ಕಾವೇರಿತೀರ, ನ್ಯೂಜೆರ್ಸಿ

ಪಾಠ ಕೇಳುವವರ ಕಡೆಯಿಂದ ಒಂದು ಮಾತು. ನನ್ನ ಮಗಳು ಬೆಂಗಳೂರಿನ ಒಬ್ಬ ವಿದುಷಿಯವರಲ್ಲಿ ನಾಲ್ಕು ವರ್ಷಗಳಿಂದ ಆನ್‌ಲೈನಿನಲ್ಲಿ ಕಲಿಯುತ್ತಿದ್ದಾಳೆ. ಅವರು ಒಳ್ಳೆಯ ಮೈಕ್ ಕೊಂಡ ಮೇಲೂ ನಮಗೆ ತಂಬೂರಿಯ ನಾದ ಎರಡು ಸೆಕೆಂಡ್ ಕೇಳಿ ಮಾಯವಾಗುತ್ತಿತ್ತು, ದೀರ್ಘವಾಗಿ ನಿಲ್ಲಿಸಿದ ಸ್ವರಗಳು ನಡುನಡುವೆ ಕರಗಿಹೋಗುತ್ತಿದ್ದವು. ದೋಷ ಮೈಕಿನದಾಗಿರಲಿಲ್ಲ. ಕರೆಯ ಆ್ಯಪಿನಲ್ಲಿರುವ ಗದ್ದಲ ನಿವಾರಣೆ, ಒಂದೇ ಸಮನೆ ಬರುವ ಯಾವುದೇ ನಾದವನ್ನೂ ಫ್ಯಾನಿನ ಸದ್ದೆಂದೇ ತಿಳಿದು ಅಳಿಸುತ್ತದೆ. ಝೂಮಿನಲ್ಲಿ ಸಂಗೀತಗಾರರಿಗಾಗಿ ಇರುವ "ಒರಿಜಿನಲ್ ಸೌಂಡ್" ಆಯ್ಕೆಯನ್ನು ಹಾಕಿದ ದಿನ ನಾವು ಮೊದಲ ಬಾರಿಗೆ ಗುರುಗಳ ತಂಬೂರಿಯನ್ನು ಪಾಠದ ಕೊನೆಯವರೆಗೂ ಕೇಳಿದೆವು. ಆದರೆ ಆ ಆಯ್ಕೆ ಹಾಕಿದಾಗ ಫ್ಯಾನಿನ ಸದ್ದೂ ತಡೆಯಿಲ್ಲದೆ ಬರುತ್ತದೆ. ಆದ್ದರಿಂದ ಮೈಕೇ ಫ್ಯಾನನ್ನು ದೂರವಿಡುವಂತಿರಬೇಕು ಎಂಬ ನಿಮ್ಮ ಪ್ರಯತ್ನ ನಮ್ಮಂಥವರಿಗೆ ಬಹಳ ಮುಖ್ಯ. ದಯವಿಟ್ಟು ಕೈಬಿಡಬೇಡಿ.

ಸ್ವರಪೆಟ್ಟಿಗೆ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಕ್ಯಾಪ್ಸೂಲನ್ನು ಸೀಳುಗಳಿರುವ ರಬ್ಬರ್ ಉಂಗುರದಲ್ಲಿ ಹಿಡಿಸಿ, ಎಲ್ಲ ಕಡೆ ತೆರೆದ ಜಾಲರಿಯೊಳಗೆ ತೂಗುಹಾಕಿದೆವು. ಗೋಡೆಯ ಪ್ರತಿಧ್ವನಿ ಅಳತೆಯನ್ನು ಕೆಡಿಸಬಾರದೆಂದು ಬೆಳಗಿನ ಐದೂವರೆಗೆ ತಾರಸಿಯ ಮೇಲೆ, ಅರ್ಧ ಮೀಟರ್ ದೂರದಲ್ಲಿ ಒಂದು ಸ್ಪೀಕರ್ ಇಟ್ಟು, ಮೈಕನ್ನು ತಿರುಗಿಸುತ್ತ ಅಳೆದೆವು. ಗ್ಲೂ ತುಂಬಿದ ಹಳೆಯದರಲ್ಲಿ 1000 ಹರ್ಟ್ಸ್‌ಗೆ ಮುಂದಕ್ಕೂ ಹಿಂದಕ್ಕೂ ಒಂದೂವರೆ ಡೆಸಿಬೆಲ್ ಅಂತರವಿತ್ತು. ಹೊಸದರಲ್ಲಿ ಪಕ್ಕಕ್ಕೆ ಐದೂವರೆ, ಬೆನ್ನಿಗೆ 14 ಡೆಸಿಬೆಲ್ ಅಂತರ ಬಂತು. 250 ಹರ್ಟ್ಸ್‌ನಲ್ಲಿ ಬೆನ್ನಿನ ಅಂತರ 9 ಡೆಸಿಬೆಲ್ ಮಾತ್ರ.

ಆಮೇಲೆ ಚೌಕಿಮನೆಯವರು ಹೇಳಿದಂತೆ ಓದುವ ದೀಪದ ಬಾಗುವ ಕೋಲಿಗೆ ಮೈಕನ್ನು ಸಿಕ್ಕಿಸಿ, ಚಿಕ್ಕಮ್ಮನ ಹಣೆಯ ಮೇಲಿನಿಂದ 40 ಸೆಂಟಿಮೀಟರ್ ದೂರಕ್ಕೆ ನಿಲ್ಲಿಸಿದೆವು. ಅವರು ಹಾಡಿದಾಗಿನ ಮಟ್ಟಕ್ಕೂ ಸುಮ್ಮನಿದ್ದಾಗ ಉಳಿಯುವ ಫ್ಯಾನಿನ ಮಟ್ಟಕ್ಕೂ ಇರುವ ಅಂತರ ಮೊದಲಿಗಿಂತ 13 ಡೆಸಿಬೆಲ್ ಹೆಚ್ಚಿತು. ಅದರಲ್ಲಿ 8 ಡೆಸಿಬೆಲ್ ಒಂದು ಮೀಟರಿನಿಂದ 40 ಸೆಂಟಿಮೀಟರಿಗೆ ಬಂದದ್ದರಿಂದಲೇ ಸಿಕ್ಕಿದ್ದು ಎಂದು ಲೆಕ್ಕ ಹಾಕಿದಾಗ ತಿಳಿಯಿತು. ಶ್ರವಣಬೆಳಕು ಮೇಡಂ ಹೇಳಿದ ದೂರದ ಮಾತು ಎಷ್ಟು ಸತ್ಯವೆಂದು ಆಗ ಅರಿವಾಯಿತು. ಪೆಟ್ಟಿಗೆಯ ಜೊತೆ ಬಾಗುವ ಕೋಲನ್ನೂ ಕೊಡಲೇಬೇಕು ಎಂದು ತೀರ್ಮಾನಿಸಿದ್ದೇವೆ. ಮೇಜಿನ ಮೇಲಿಡುವ ಚಂದದ ಪೆಟ್ಟಿಗೆಯ ಕಲ್ಪನೆ ಬಿಟ್ಟುಹೋಯಿತು.

ಇನ್ನೆರಡು ಪ್ರಶ್ನೆಗಳಿವೆ. ಕೋಲನ್ನು ಮುಟ್ಟಿದರೆ ದಡ್ ಎಂಬ ಸದ್ದು ಜೋರಾಗಿ ಬರುತ್ತದೆ. ಮತ್ತು ನಲವತ್ತನ್ನೂ ತಾರಸಿಯ ಮೇಲೆ ಅಳೆಯುವುದು ಸಾಧ್ಯವಿಲ್ಲ, ಬೇರೆ ದಾರಿಯಿದೆಯೇ?

ಪೀಣ್ಯ_ಕೆಪಾಸಿಟರ್, ಬೆಂಗಳೂರು

14 ಡೆಸಿಬೆಲ್ ಎಂದರೆ ಈ ಗಾತ್ರದ ಕ್ಯಾಪ್ಸೂಲಿಗೆ ಒಳ್ಳೆಯ ಫಲಿತಾಂಶ. ಬಹಳ ಸಂತೋಷವಾಯಿತು.

ದಡ್ ಸದ್ದಿಗೆ ರಬ್ಬರ್ ಉಂಗುರವನ್ನು ಇನ್ನಷ್ಟು ಮೆತ್ತನೆಯದಾಗಿ ಮಾಡಿ. ಕ್ಯಾಪ್ಸೂಲಿನ ತಂತಿ ಬಿಗಿಯಾಗಿದ್ದರೆ ಅಲುಗಾಟ ತಂತಿಯ ಮೂಲಕವೇ ಬರುತ್ತದೆ, ಆದ್ದರಿಂದ ಕೂದಲೆಳೆಯಂಥ ತೆಳು ತಂತಿಯನ್ನು ಸಡಿಲವಾಗಿ ಒಂದು ಸುತ್ತು ಬಿಟ್ಟು ಜೋಡಿಸಿ. ಜೊತೆಗೆ 90 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡಿ. ಮಂದ್ರ ಪಂಚಮ 156ರಲ್ಲಿ ಇರುವುದರಿಂದ ಅವರ ಹಾಡಿಗೆ ನಷ್ಟವಿಲ್ಲ. ಇನ್ನೂ ಕೆಳಗಿನ ಶ್ರುತಿಯ ಗಂಡುಧ್ವನಿಗಾಗಿ ಆ ಸೋಸುವಿಕೆಯನ್ನು ತೆಗೆಯುವ ಒಂದು ಸ್ವಿಚ್ ಇಟ್ಟಿರಿ.

ಅಳತೆಗೆ ಒಂದು ಸರಳ ಪೆಟ್ಟಿಗೆ ಮಾಡಿಕೊಳ್ಳಿ. ಹಳೆಯ ಟ್ರಂಕಿನ ಒಳಗೆ ದಪ್ಪ ಹತ್ತಿಯ ರಜಾಯಿ ಹೊದಿಸಿ, ಎದುರುಬದುರಾಗಿ ಎರಡು ಚಿಕ್ಕ ಸ್ಪೀಕರ್ ಕೂರಿಸಿ, ನಡುವೆ ಮೈಕ್ ನಿಲ್ಲಿಸುವ ಗೂಟ ಇಡಿ. ಮುಂದಿನ ಸ್ಪೀಕರಿನಿಂದ ಒಮ್ಮೆ, ಹಿಂದಿನದರಿಂದ ಒಮ್ಮೆ 1000 ಹರ್ಟ್ಸ್ ಸ್ವರ ನುಡಿಸಿ ಅಂತರ ನೋಡಿ. ತಾರಸಿಯಲ್ಲಿ ಅಳೆದ ನಿಮ್ಮ ಮೈಕನ್ನೇ ಮಾದರಿಯಾಗಿಟ್ಟು, ಟ್ರಂಕಿನೊಳಗೆ ಅದು ತೋರಿಸುವ ಅಂತರಕ್ಕಿಂತ 3 ಡೆಸಿಬೆಲ್‌ಗೂ ಮೀರಿ ಕಡಿಮೆ ಬಂದವನ್ನು ಪಕ್ಕಕ್ಕಿಡಿ. ಹಾಗೆ ಸೋತ ಮೈಕನ್ನು ಬಿಸಾಡುವ ಮೊದಲು ಬೆನ್ನಿನ ತೂತುಗಳನ್ನು ಮಸೂರದಲ್ಲಿ ನೋಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳಕ್ಕೆ ಬೆಸುಗೆಯ ರಾಳ ಹರಿದು ಒಂದೆರಡು ತೂತು ಮುಚ್ಚಿರುತ್ತದೆ.

ಸ್ವರಪೆಟ್ಟಿಗೆ, ಮೈಸೂರು

ಅಜ್ಜಿಯ ಟ್ರಂಕ್ ಅಟ್ಟದ ಮೇಲಿದೆ ಸರ್, ನಾಳೆಯೇ ಇಳಿಸುತ್ತೇನೆ. ನಿನ್ನೆ ಸಂಜೆಯ ಪಾಠದಲ್ಲಿ ಚಿಕ್ಕಮ್ಮ ತೋಡಿಯ ಗಾಂಧಾರವನ್ನು ಒಂದೇ ಸಲ ಹಾಡಿ ತೋರಿಸಿದರು. ಆ ಕಡೆಯ ಹುಡುಗಿ "ಇನ್ನೊಮ್ಮೆ" ಎಂದು ಕೇಳದೆ ಹಾಗೆಯೇ ತಿರುಗಿ ಹಾಡಿದಳು.